ಎಲ್ಲ ದಾರಿಯೂ ಹೊರಕ್ಕೆ: ವೇಲ್ಸ್ ನೆಲದ ಲೆಕ್ಕ

ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ನಲ್ಲಿ ರೈಲು ಹತ್ತಿ ಅದೇ ದೇಶದ ವಾಯವ್ಯ ಮೂಲೆಯ ಬ್ಯಾಂಗರ್‌ಗೆ ಹೊರಟವರು ಪಕ್ಕದ ಇಂಗ್ಲೆಂಡನ್ನು ಹಾಯದೆ ಊರು ಸೇರುವಂತಿಲ್ಲ. ಗಡಿ ದಾಟಿ ಹೆರಿಫರ್ಡ್, ಷ್ರೂಸ್‌ಬರಿಗಳನ್ನು ಹಾದು, ಸ್ವಲ್ಪ ದೂರ ವೇಲ್ಸ್‌ಗೆ ಮರಳಿ, ಚೆಸ್ಟರ್‌ನಲ್ಲಿ ಮತ್ತೊಮ್ಮೆ ಇಂಗ್ಲೆಂಡಿನ ನೆಲ ಮುಟ್ಟಿ, ಆಮೇಲೆ ಪಶ್ಚಿಮಕ್ಕೆ ತಿರುಗಬೇಕು. ದೇಶದ ಉತ್ತರವನ್ನೂ ದಕ್ಷಿಣವನ್ನೂ ಅದರ ಗಡಿಯೊಳಗೇ ಜೋಡಿಸುವ ರೈಲು ಮಾರ್ಗ ಇವತ್ತಿಗೂ ಇಲ್ಲ. ಯಾಕೆ ಎಂದು ಕೇಳಿದರೆ ಎಲ್ಲರಿಗೂ ಬಾಯಿಪಾಠವಾದ ಉತ್ತರವೊಂದಿದೆ: ನಡುವೆ ಬೆಟ್ಟಗಳಿವೆ. ವೇಲ್ಸ್ ಬ್ರಿಟನ್ನಿನ ಬಡ ಭಾಗಗಳಲ್ಲೊಂದಾಗಿ ಉಳಿದದ್ದಕ್ಕೂ ಇದೇ ಉತ್ತರವನ್ನು ಕೊಂಚ ಹಿಗ್ಗಿಸಿ ಹೇಳುತ್ತಾರೆ. ಸಣ್ಣ ದೇಶ, ಬಿಡದ ಮಳೆ, ತೆಳು ಮಣ್ಣು, ಎತ್ತ ನೋಡಿದರೂ ಗುಡ್ಡ, ಇನ್ನೇನು ತಾನೇ ಆದೀತು ಎನ್ನುವ ಮಾತು. ಈ ಉತ್ತರ ಪೂರ್ತಿ ಸುಳ್ಳಲ್ಲ. ಆದರೆ ಅದು ಭೂಗೋಳದ ಮೇಲೆ ಹೊರಿಸುವ ಹೊರೆಯಲ್ಲಿ ದೊಡ್ಡ ಪಾಲು ಭೂಗೋಳದ್ದಲ್ಲ. ನೆಲದಲ್ಲಿ ಏನಿದೆ, ಎಲ್ಲಿದೆ ಎಂಬುದನ್ನು ಬೆಟ್ಟ, ಬಂಡೆ, ನದಿಗಳು ನಿರ್ಧರಿಸಿದವು. ಅದು ಯಾರ ಅಂಗಳಕ್ಕೆ ಇಳಿಯಬೇಕು ಎಂಬುದನ್ನು ನಿರ್ಧರಿಸಿದ್ದು ಒಡೆತನದ ಪತ್ರಗಳು, ಸಂಸತ್ತಿನ ಕಾಯ್ದೆಗಳು ಮತ್ತು ಹಳಿ ಹಾಕಿದವರ ಅಗತ್ಯಗಳು.

ಮೊದಲು ನೆಲವನ್ನೇ ನೋಡೋಣ. ವೇಲ್ಸ್‌ನ ವಿಸ್ತೀರ್ಣ ಸುಮಾರು 20,800 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಒಂಬತ್ತನೇ ಒಂದು ಭಾಗದಷ್ಟು. ಜನ 31 ಲಕ್ಷ. ಮೂರು ಕಡೆ ಸಮುದ್ರ, ಪೂರ್ವಕ್ಕೆ ಮಾತ್ರ ಇಂಗ್ಲೆಂಡಿನ ಗಡಿ. ವಾಯವ್ಯದಲ್ಲಿ ಎರಿರಿ ಪರ್ವತಸಾಲು. ನಕಾಶೆಗಳಲ್ಲಿ ಬಹುಕಾಲ ಸ್ನೋಡೋನಿಯಾ ಎಂದೇ ಇದ್ದದ್ದು. ಅಲ್ಲಿನ ಅತಿ ಎತ್ತರದ ಶಿಖರ 1,085 ಮೀಟರ್. ದಕ್ಷಿಣದಲ್ಲಿ ಬ್ರೆಕನ್ ಬೀಕನ್ಸ್, ನಡುವೆ ಕೇಂಬ್ರಿಯನ್ ಬೆಟ್ಟಗಳ ಬೋಳು ಪ್ರಸ್ಥಭೂಮಿ. ನಮ್ಮ ಕಣ್ಣಿಗೆ ಇವು ದೊಡ್ಡ ಬೆಟ್ಟಗಳಲ್ಲ. ಮುಳ್ಳಯ್ಯನಗಿರಿಯ ಮುಂದೆ ನಿಂತರೆ ಅಲ್ಲಿನ ಶಿಖರಗಳೆಲ್ಲ ತಲೆ ಎತ್ತಿ ನೋಡಬೇಕು. ಆದರೆ ಅಟ್ಲಾಂಟಿಕ್ ಸಾಗರದಿಂದ ಬರುವ ತೇವದ ಗಾಳಿಗೆ ಮೊದಲು ಎದುರಾಗುವ ಗೋಡೆ ಇದೇ. ಎರಿರಿಯ ಕೆಲವು ಏಣುಗಳ ಮೇಲೆ ವರ್ಷಕ್ಕೆ 4,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಕಾರ್ಡಿಫ್‌ನಲ್ಲಿ ಅದರ ಮೂರನೇ ಒಂದು ಭಾಗವೂ ಇಲ್ಲ. ಬಂಡೆಗಳಂತೂ ಭೂವಿಜ್ಞಾನದ ಪಠ್ಯಪುಸ್ತಕಕ್ಕೇ ಹೆಸರು ಕೊಟ್ಟಿವೆ. ಕೇಂಬ್ರಿಯನ್, ಆರ್ಡೋವಿಶಿಯನ್, ಸಿಲೂರಿಯನ್ ಎಂದು ಜಗತ್ತಿನ ವಿದ್ಯಾರ್ಥಿಗಳೆಲ್ಲ ಕಲಿಯುವ ಮೂರು ಕಾಲಘಟ್ಟಗಳ ಹೆಸರು ಬಂದದ್ದು ಈ ನಾಡಿನಿಂದ ಮತ್ತು ಇಲ್ಲಿದ್ದ ಪ್ರಾಚೀನ ಬುಡಕಟ್ಟುಗಳಿಂದ. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಬಗೆಯ ಕಲ್ಲು ಸಿಗುವುದು ಅಪರೂಪ. ಆ ಕಲ್ಲುಗಳ ಜೊತೆಗೇ ತಾಮ್ರ, ಸೀಸ, ಚೂರು ಚಿನ್ನ, ಸ್ಲೇಟು, ಸುಣ್ಣಕಲ್ಲು, ಕಬ್ಬಿಣದ ಅದಿರು, ಎಲ್ಲಕ್ಕಿಂತ ಮಿಗಿಲಾಗಿ ಕಲ್ಲಿದ್ದಲು ಬಂದವು.

ನದಿಗಳ ದಿಕ್ಕು ಇನ್ನೊಂದು ಸಂಗತಿ ಹೇಳುತ್ತದೆ. ನಡು ವೇಲ್ಸ್‌ನ ಪಿಮ್ಲಿಮನ್ ಎಂಬ ಒಂದೇ ಬೆಟ್ಟದ ಜೌಗಿನಲ್ಲಿ ಸೆವರ್ನ್, ವೈ, ರೈಡೋಲ್ ನದಿಗಳು ಹುಟ್ಟುತ್ತವೆ. ರೈಡೋಲ್ ಪಶ್ಚಿಮಕ್ಕಿಳಿದು ಸ್ವಲ್ಪದರಲ್ಲೇ ಸಮುದ್ರ ಸೇರುತ್ತದೆ. ಉಳಿದೆರಡು ಪೂರ್ವಕ್ಕೆ ಹರಿದು, ಗಡಿಯಾಚೆ ಸುತ್ತಿ, ದಕ್ಷಿಣದ ದೊಡ್ಡ ಅಳಿವೆಗೆ ಬಂದು ಸೇರುತ್ತವೆ. ಸೆವರ್ನ್ ಬ್ರಿಟನ್ನಿನ ಅತಿ ಉದ್ದದ ನದಿ, 354 ಕಿಲೋಮೀಟರ್. ಅದರ ಬಯಲು, ಫಲವತ್ತಾದ ಮೆಕ್ಕಲು, ದೊಡ್ಡ ಊರುಗಳು ಬಹುಮಟ್ಟಿಗೆ ಇಂಗ್ಲೆಂಡಿನವು. ಆದ್ದರಿಂದ ಪೂರ್ವ–ಪಶ್ಚಿಮದ ಓಡಾಟಕ್ಕೆ ನದಿಕಣಿವೆಗಳು ತಾವಾಗಿ ದಾರಿ ಬಿಟ್ಟುಕೊಟ್ಟವು, ಉತ್ತರ–ದಕ್ಷಿಣಕ್ಕೆ ಬಿಡಲಿಲ್ಲ ಎಂಬ ಮಾತಿನಲ್ಲಿ ಸತ್ಯವಿದೆ. ಬೆಟ್ಟವನ್ನು ದೂರುವವರ ಬಲವಾದ ಸಾಕ್ಷಿಯೂ ಇದೇ. ಆದರೆ 19ನೇ ಶತಮಾನದಲ್ಲಿ ಹಳಿ ಹಾಕಿದವರು ಬೆಟ್ಟಕ್ಕೆ ಹೆದರಿದವರಲ್ಲ. ಲಂಡನ್ನಿನಿಂದ ಡಬ್ಲಿನ್‌ಗೆ ಅಂಚೆ ಸಾಗಿಸಲು ಎಂಜಿನಿಯರ್ ಟೆಲ್ಫರ್ಡ್ ಎರಿರಿಯ ಕಣಿವೆಗಳನ್ನು ಕೊರೆದು ರಸ್ತೆ ಮಾಡಿ, 1826ರಲ್ಲಿ ಮೆನಾಯ್ ಜಲಸಂಧಿಯ ಮೇಲೆ ತೂಗುಸೇತುವೆ ಕಟ್ಟಿದ. 1850ರಲ್ಲಿ ಅದರ ಪಕ್ಕದಲ್ಲೇ ರೈಲು ಸೇತುವೆ ಎದ್ದಿತು. ಸಾಮ್ರಾಜ್ಯಕ್ಕೆ ಬೇಕಾದಾಗ ಬೆಟ್ಟ ದಾರಿ ಬಿಟ್ಟಿತು. ಇನ್ನು, ನಡು ವೇಲ್ಸ್‌ನಲ್ಲಿ ಉತ್ತರ–ದಕ್ಷಿಣವನ್ನು ಬಳಸುದಾರಿಯಲ್ಲಾದರೂ ಬೆಸೆಯುತ್ತಿದ್ದ ಮಾರ್ಗಗಳು ಒಂದು ಕಾಲಕ್ಕೆ ಇದ್ದೇ ಇದ್ದವು. ಆಬರಿಸ್ಟ್‌ವಿತ್–ಕಾರ್ಮಾರ್ದನ್ ಮಾರ್ಗವನ್ನು 1965ರಲ್ಲಿ ಮುಚ್ಚಿದ್ದು ಬೆಟ್ಟವಲ್ಲ, ಲಾಭನಷ್ಟದ ಪಟ್ಟಿ ಹಿಡಿದು ಕೂತ ಆಡಳಿತ.

ಕಲ್ಲಿದ್ದಲಿನ ಕಥೆಯಲ್ಲಿ ಇದು ಹೆಚ್ಚು ಸ್ಪಷ್ಟವಾಗುತ್ತದೆ. ದಕ್ಷಿಣ ವೇಲ್ಸ್‌ನ ಕಲ್ಲಿದ್ದಲಿನ ಪದರಗಳು ನೆಲದಡಿ ಒಂದು ಉದ್ದನೆಯ ಬೋಗುಣಿಯಂತೆ ಬಾಗಿ ಕೂತಿವೆ. ಅದರ ಅಂಚುಗಳು ಮೇಲೆದ್ದು ನೆಲಕ್ಕೆ ಮುಖ ತೋರುತ್ತವೆ, ನಡುಭಾಗ ಆಳಕ್ಕಿಳಿಯುತ್ತದೆ. ಟಾಫ್, ರೊಂದಾ, ಕನನ್, ರಿಮ್ನಿ ನದಿಗಳು ಈ ಬೋಗುಣಿಯನ್ನು ಉತ್ತರದಿಂದ ದಕ್ಷಿಣಕ್ಕೆ ಕಡಿದು ಕಿರಿದಾದ, ಕಡಿದಾದ ಕಣಿವೆಗಳನ್ನು ಮಾಡಿಕೊಂಡಿವೆ. ಅಂಚಿನಲ್ಲಿ ಕಬ್ಬಿಣದ ಅದಿರು, ಸುಣ್ಣಕಲ್ಲು, ಕಲ್ಲಿದ್ದಲು ಒಟ್ಟೊಟ್ಟಿಗೆ ಸಿಕ್ಕ ಮರ್ಥರ್ ಟಿಡ್ವಿಲ್‌ನಲ್ಲಿ 18ನೇ ಶತಮಾನದಲ್ಲೇ ಕಬ್ಬಿಣದ ಕುಲುಮೆಗಳು ಎದ್ದವು. ಆಳದಲ್ಲಿದ್ದದ್ದು ಹಡಗು ಮತ್ತು ರೈಲು ಎಂಜಿನ್ನುಗಳಿಗೆ ಹೇಳಿ ಮಾಡಿಸಿದ, ಹೊಗೆ ಕಡಿಮೆ ಕಾರುವ ಉಗಿ ಕಲ್ಲಿದ್ದಲು. ಪಶ್ಚಿಮಕ್ಕೆ ಹೋದಂತೆ ಇನ್ನೂ ಗಟ್ಟಿಯಾದ ಆಂಥ್ರಸೈಟ್. 1851ರಲ್ಲಿ ಸಾವಿರ ಜನರೂ ಇಲ್ಲದಿದ್ದ ರೊಂದಾ ಕಣಿವೆಯಲ್ಲಿ 1911ರ ಹೊತ್ತಿಗೆ ಒಂದೂವರೆ ಲಕ್ಷ ಜನ. ಅಗಲಕ್ಕೆ ಹರಡಲು ಜಾಗವಿಲ್ಲದೆ ಮನೆಗಳು ಕಣಿವೆಯ ಉದ್ದಕ್ಕೆ ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ನಿಂತವು. 1913ರಲ್ಲಿ ದಕ್ಷಿಣ ವೇಲ್ಸ್ ತೆಗೆದ ಕಲ್ಲಿದ್ದಲು ಸುಮಾರು 5.7 ಕೋಟಿ ಟನ್, ಗಣಿಯಲ್ಲಿ ದುಡಿದವರು 2.3 ಲಕ್ಷ. ಅದೇ ವರ್ಷ ಬ್ಯಾರಿ ಎಂಬ ಒಂದೇ ಬಂದರಿನಿಂದ 1.1 ಕೋಟಿ ಟನ್ ಹೊರಗೆ ಹೋಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಸೆಂಗೆನಿದ್ ಗಣಿ ಸ್ಫೋಟದಲ್ಲಿ 439 ಗಣಿಗಾರರು, ಅವರನ್ನು ಕಾಪಾಡಲು ಇಳಿದ ಒಬ್ಬರು ಸತ್ತರು. ಬ್ರಿಟನ್ನಿನ ಗಣಿ ಚರಿತ್ರೆಯಲ್ಲಿ ಅದಕ್ಕಿಂತ ದೊಡ್ಡ ದುರಂತವಿಲ್ಲ.

ಈ ಕಣಿವೆಗಳ ರೈಲು ನಕಾಶೆಯನ್ನು ನೋಡಿದರೆ ಹಳಿಗಳೆಲ್ಲ ಬೆರಳುಗಳಂತೆ ಸಮುದ್ರದ ಕಡೆಗೇ ಚಾಚಿವೆ. ಒಂದು ಬೆರಳಿನಿಂದ ಇನ್ನೊಂದಕ್ಕೆ ಅಡ್ಡ ಹೋಗುವುದು ಕಷ್ಟ. ಕಣಿವೆ ಇದ್ದ ಹಾಗೆ ಹಳಿ ಎನ್ನಬಹುದು, ಒಪ್ಪೋಣ. ಆದರೆ ಬಂದರಿನಲ್ಲಿ ಆದದ್ದು ಕಣಿವೆಯ ಆಕಾರದಿಂದ ಆದದ್ದಲ್ಲ. ಕಲ್ಲಿದ್ದಲು ಕಚ್ಚಾ ಸರಕಾಗಿಯೇ ಹಡಗೇರಿತು. ಅದನ್ನು ಉರಿಸಿ ಬೇರೇನೋ ತಯಾರಿಸುವ ಕಾರ್ಖಾನೆಗಳು, ಕಬ್ಬಿಣ ಮತ್ತು ತಗಡಿನ ಉದ್ಯಮ ಬಿಟ್ಟರೆ, ಅದೇ ಪ್ರಮಾಣದಲ್ಲಿ ಬೆಳೆಯಲಿಲ್ಲ. ನೆಲದ ಮೇಲಿನ ಒಡೆಯರಿಗೆ ನೆಲದಡಿಯ ಖನಿಜಕ್ಕೂ ಹಕ್ಕಿದ್ದ ಕಾಲ ಅದು. ಒಂದೊಂದು ಟನ್ನಿಗೆ ರಾಜಧನ ಎಣಿಸಿಕೊಂಡವರಲ್ಲಿ ಮುಂಚೂಣಿಯಲ್ಲಿದ್ದವರು ಸ್ಕಾಟ್ಲೆಂಡ್ ಮೂಲದ ಬ್ಯೂಟ್ ಮನೆತನದವರು. 1839ರಲ್ಲಿ ಕಾರ್ಡಿಫ್‌ನ ಹಡಗುಕಟ್ಟೆ ತೆರೆದವರೂ ಅವರೇ. ಬಂಡವಾಳ ಹಾಕಿದರು, ಫಲ ಉಂಡರು, ಅದರಲ್ಲಿ ಅನ್ಯಾಯವೇನು ಎಂದು ಕೇಳಬಹುದು. ಹಡಗುಕಟ್ಟೆಯ ಮಟ್ಟಿಗೆ ಅದು ನ್ಯಾಯವಾದ ಪ್ರಶ್ನೆ. ರಾಜಧನದ ಮಟ್ಟಿಗೆ ಅಲ್ಲ, ಏಕೆಂದರೆ ಕಲ್ಲಿದ್ದಲನ್ನು ಯಾವ ಮನೆತನವೂ ತಯಾರಿಸಿರಲಿಲ್ಲ. ಬ್ರಿಟನ್ ಕೊನೆಗೂ ಇದನ್ನು ಒಪ್ಪಿತು: 1938ರ ಕಾಯ್ದೆ ಖನಿಜದ ಹಕ್ಕನ್ನು ಪರಿಹಾರ ಕೊಟ್ಟು ಸರ್ಕಾರಕ್ಕೆ ತಂದಿತು. ಅಷ್ಟು ಹೊತ್ತಿಗೆ ಕಲ್ಲಿದ್ದಲಿನ ಒಳ್ಳೆಯ ಕಾಲ ಮುಗಿದು ಹೋಗಿತ್ತು.

ತಾಮ್ರ ಮತ್ತು ಸ್ಲೇಟುಗಳ ಕಥೆ ಇದಕ್ಕೆ ಪೂರಕ. ಆಂಗ್ಲಸೀ ದ್ವೀಪದ ಪಾರಿಸ್ ಗುಡ್ಡದಲ್ಲಿ 1768ರಲ್ಲಿ ಸಿಕ್ಕ ತಾಮ್ರದ ನಿಕ್ಷೇಪ ಕೆಲಕಾಲ ಯುರೋಪಿನ ಅತಿ ದೊಡ್ಡ ತಾಮ್ರ ಗಣಿಯಾಗಿತ್ತು. ಬ್ರಿಟಿಷ್ ನೌಕಾಪಡೆಯ ಹಡಗುಗಳ ತಳಕ್ಕೆ ಹೊದಿಸಿದ ತಗಡಿಗೆ ಅಲ್ಲಿಯ ಲೋಹ ಹೋಯಿತು. ದಕ್ಷಿಣದ ಸ್ವಾನ್ಸಿ ನಗರದ್ದು ಇನ್ನೂ ವಿಚಿತ್ರ. ಅಲ್ಲಿ ಹೇಳಿಕೊಳ್ಳುವಂಥ ತಾಮ್ರವಿರಲಿಲ್ಲ. ಆದರೆ ಅದಿರು ಕರಗಿಸಲು ಅದಕ್ಕಿಂತ ಹೆಚ್ಚು ತೂಕದ ಕಲ್ಲಿದ್ದಲು ಬೇಕಿದ್ದುದರಿಂದ, ಕಲ್ಲಿದ್ದಲಿರುವ ಕಡೆಗೆ ಅದಿರನ್ನು ತರುವುದೇ ಅಗ್ಗವೆಂದು ಕಾರ್ನ್‌ವಾಲ್‌ನಿಂದ, ಮುಂದೆ ಕ್ಯೂಬಾ, ಚಿಲಿಗಳಿಂದ ಹಡಗುಗಳು ಸ್ವಾನ್ಸಿಗೆ ಬಂದವು. ಒಂದು ಕಾಲಕ್ಕೆ ಜಗತ್ತಿನ ತಾಮ್ರದ ದೊಡ್ಡ ಪಾಲು ಕರಗಿದ್ದು ಅಲ್ಲಿ. 18ನೇ ಶತಮಾನದ ಕೊನೆಯ ದಶಕಗಳಲ್ಲಿ ಈಸ್ಟ್ ಇಂಡಿಯಾ ಕಂಪನಿ ಬ್ರಿಟನ್ನಿನಿಂದ ಭಾರತಕ್ಕೆ ತಂದು ಮಾರಿದ ಸರಕುಗಳಲ್ಲಿ ತಾಮ್ರವೂ ಪ್ರಮುಖವಾಗಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು. ಉತ್ತರದಲ್ಲಿ ಬೆಥೆಸ್ಡಾ, ಡಿನೋರ್ವಿಗ್, ಬ್ಲೈನೈ ಫೆಸ್ಟಿನ್ಯೋಗ್‌ಗಳ ಸ್ಲೇಟು ಯುರೋಪಿನ, ಅಮೆರಿಕದ ಊರುಗಳ ಚಾವಣಿಯಾಯಿತು. ಒಂದು ಟನ್ ಮಾರುವ ಸ್ಲೇಟಿಗೆ ಹತ್ತು ಟನ್ನಿಗೂ ಮಿಕ್ಕಿ ಚೂರುಕಲ್ಲು ಉಳಿಯುತ್ತಿತ್ತು; ಸರಕು ಹೋದರೂ ಆ ಬೂದು ರಾಶಿಗಳು ಮಾತ್ರ ಊರ ಬೆನ್ನಿಗೇ ನಿಂತಿವೆ. ಬೆಥೆಸ್ಡಾದ ಪೆನ್ರಿನ್ ಕಲ್ಲುಗಣಿ ಬೆಳೆದದ್ದು ಜಮೈಕಾದ ಕಬ್ಬಿನ ತೋಟಗಳಲ್ಲಿ ಗುಲಾಮರ ದುಡಿಮೆಯಿಂದ ಬಂದ ಹಣದಲ್ಲಿ. 1900ರಿಂದ 1903ರವರೆಗೆ ಅಲ್ಲಿಯ ಕಾರ್ಮಿಕರು ಮೂರು ವರ್ಷ ಕೆಲಸ ಬಿಟ್ಟು ಹೊರಗೆ ನಿಂತು, ಸೋತು, ಊರು ಎರಡು ಪಾಲಾಯಿತು. 2021ರಲ್ಲಿ ಯುನೆಸ್ಕೋ ಈ ಸ್ಲೇಟು ಭೂದೃಶ್ಯವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ತ್ಯಾಜ್ಯದ ರಾಶಿಗೂ ಪಾರಂಪರಿಕ ಮಾನ್ಯತೆ ಸಿಕ್ಕದ್ದನ್ನು ಕಂಡು ಆ ಕಾರ್ಮಿಕರು ಏನೆನ್ನುತ್ತಿದ್ದರೋ.

ಇಲ್ಲಿ ಗಂಭೀರವಾದ ಆಕ್ಷೇಪವೊಂದನ್ನು ಎದುರಿಸಲೇಬೇಕು. ಕಲ್ಲಿದ್ದಲು ವೇಲ್ಸ್ ಜನರನ್ನು ಸುಲಿಯಲಿಲ್ಲ, ಉಳಿಸಿತು ಎಂಬುದು ಆ ವಾದ. 19ನೇ ಶತಮಾನದ ನಡುವಿನಿಂದ ಬರಗಾಲ ಮತ್ತು ವಲಸೆಯಿಂದ ಐರ್ಲೆಂಡಿನ ಜನಸಂಖ್ಯೆ 80 ಲಕ್ಷದಿಂದ ಶತಮಾನದ ಕೊನೆಗೆ 45 ಲಕ್ಷದ ಆಸುಪಾಸಿಗೆ ಕುಸಿಯಿತು. ಅದೇ ಶತಮಾನದಲ್ಲಿ ವೇಲ್ಸ್‌ನ ಜನಸಂಖ್ಯೆ ಸುಮಾರು 6 ಲಕ್ಷದಿಂದ 20 ಲಕ್ಷಕ್ಕೇರಿತು. ಹಳ್ಳಿಯಲ್ಲಿ ಅನ್ನ ಹುಟ್ಟದವರು ಸಾಗರ ದಾಟದೆ ಪಕ್ಕದ ಕಣಿವೆಗೆ ಹೋದರು, ತಮ್ಮ ನುಡಿಯನ್ನೂ ಜೊತೆಗೆ ಒಯ್ದರು. 1911ರ ಗಣತಿಯಲ್ಲಿ ವೆಲ್ಷ್ ಮಾತಾಡುವವರ ಸಂಖ್ಯೆ 9.77 ಲಕ್ಷ; ಅದಕ್ಕಿಂತ ಹೆಚ್ಚಿನ ಸಂಖ್ಯೆ ಯಾವ ಗಣತಿಯಲ್ಲೂ ದಾಖಲಾಗಿಲ್ಲ. ಗಣಿಗಾರರು ತಮ್ಮ ಕೂಲಿಯಿಂದಲೇ ವಂತಿಗೆ ಎತ್ತಿ ಗ್ರಂಥಾಲಯ, ಸಭಾಭವನ ಕಟ್ಟಿಕೊಂಡರು. ಈ ವಾದದ ಸತ್ಯವನ್ನು ನಾನು ಅಲ್ಲಗಳೆಯಲಾರೆ. ಆದರೆ ಅದು ಹೇಳುವುದು ಕೂಲಿಯ ಕಥೆಯನ್ನು ಮಾತ್ರ. ಒಂದೇ ಸರಕನ್ನು, ಅದೂ ಕಚ್ಚಾ ರೂಪದಲ್ಲಿ, ದೂರದ ಕೊಳ್ಳುವವರಿಗಾಗಿ ತೆಗೆಯುವ ಆರ್ಥಿಕತೆಯಲ್ಲಿ ಕೂಲಿ ಬರುವುದು ಕೊಳ್ಳುವವರು ಇರುವವರೆಗೆ. ನೌಕಾಪಡೆ ಕಲ್ಲಿದ್ದಲು ಬಿಟ್ಟು ಎಣ್ಣೆಗೆ ಹೊರಳಿದ್ದೇ, ಮೊದಲ ಮಹಾಯುದ್ಧದ ನಂತರ ಹೊರದೇಶದ ಮಾರುಕಟ್ಟೆಗಳು ಕೈತಪ್ಪಿದ್ದೇ, ಕಣಿವೆಗಳ ಬೆನ್ನುಮೂಳೆ ಮುರಿಯಿತು. ಎರಡು ಮಹಾಯುದ್ಧಗಳ ನಡುವೆ ಸುಮಾರು 4 ಲಕ್ಷ ಜನ ವೇಲ್ಸ್ ಬಿಟ್ಟು ಹೋದರು. ಐರ್ಲೆಂಡಿನಂಥ ವಲಸೆಯನ್ನು ಕಲ್ಲಿದ್ದಲು ತಪ್ಪಿಸಲಿಲ್ಲ, ಎರಡು ತಲೆಮಾರು ಮುಂದೂಡಿತು. ಆ ಎರಡು ತಲೆಮಾರಿನಲ್ಲಿ ಉಳಿದ ಹಣ ಇಲ್ಲಿಯೇ ಬೇರೂರಿದ್ದರೆ ಎಂಬ ಪ್ರಶ್ನೆಗೆ ಖಚಿತ ಉತ್ತರ ಸಾಧ್ಯವಿಲ್ಲ, ಆದರೆ ಪ್ರಶ್ನೆ ಅಸಂಗತವಲ್ಲ.

ನೀರಿನ ವಿಷಯಕ್ಕೆ ಬಂದಾಗ ಆರ್ಥಿಕತೆಯ ತೊಡಕೆಲ್ಲ ಕಳಚಿ ಅಧಿಕಾರದ ಪ್ರಶ್ನೆ ಬರಿಮೈಯಲ್ಲಿ ನಿಲ್ಲುತ್ತದೆ. ಬೆಟ್ಟದ ಮಳೆ, ಆಳದ ಹಿಮನದಿ ಕಣಿವೆಗಳು, ಬಯಲಿಗಿಂತ ಎತ್ತರದ ನೆಲೆ: ಜಲಾಶಯಕ್ಕೆ ಇದಕ್ಕಿಂತ ಒಳ್ಳೆಯ ಭೂಗೋಳ ಬೇಕಿಲ್ಲ. 1880ರ ದಶಕದಲ್ಲಿ ಲಿವರ್‌ಪೂಲ್ ನಗರ ವರ್ನ್ವಿ ಕಣಿವೆಗೆ ಅಣೆಕಟ್ಟು ಕಟ್ಟಿ ಲನ್‌ವುದಿನ್ ಹಳ್ಳಿಯನ್ನು ಮುಳುಗಿಸಿತು. 1893ರಿಂದ 1904ರವರೆಗೆ ಬರ್ಮಿಂಗ್‌ಹ್ಯಾಮ್ ಈಲನ್ ಕಣಿವೆಯಲ್ಲಿ ಸಾಲು ಅಣೆಕಟ್ಟು ಕಟ್ಟಿತು. ಅಲ್ಲಿಂದ ನಗರಕ್ಕೆ ನೀರು 118 ಕಿಲೋಮೀಟರ್ ದೂರ ಪಂಪಿನ ನೆರವಿಲ್ಲದೆ, ಇಳಿಜಾರಿನ ಬಲದಲ್ಲೇ ಹರಿಯುತ್ತದೆ. ಒಟ್ಟು ಇಳಿತ 52 ಮೀಟರ್ ಮಾತ್ರ. ಎಂಜಿನಿಯರಿಂಗ್ ಆಗಿ ಅದು ಅದ್ಭುತ. ಆದರೆ ಪರಿಹಾರ ಸಿಕ್ಕದ್ದು ಭೂಮಾಲೀಕರಿಗೆ. ಗೇಣಿದಾರರು ಬರಿಗೈಲಿ ಎದ್ದು ಹೋದರು. ಮುಳುಗಡೆ ಎಂಬ ಮಾತಿನ ಭಾರ ಶರಾವತಿಯ ಜನಕ್ಕೆ ಗೊತ್ತು, ಹೆಚ್ಚು ವಿವರಿಸಬೇಕಿಲ್ಲ. ಇವೆಲ್ಲದರ ತುದಿಯಲ್ಲಿ ಬಾಲಾ ಪೇಟೆಯ ಬಳಿಯ ಟ್ರವೆರಿನ್ ಕಣಿವೆ ಬರುತ್ತದೆ. ಲಿವರ್‌ಪೂಲ್ ನಗರಸಭೆ ನೇರವಾಗಿ ಸಂಸತ್ತಿಗೆ ಖಾಸಗಿ ಮಸೂದೆ ಒಯ್ದು 1957ರಲ್ಲಿ ಕಾಯ್ದೆ ಮಾಡಿಸಿಕೊಂಡಿತು. ಹಾಗಾಗಿ ವೇಲ್ಸ್‌ನ ಯಾವ ಸ್ಥಳೀಯ ಸಂಸ್ಥೆಯ ಒಪ್ಪಿಗೆಯೂ ಬೇಕಾಗಲಿಲ್ಲ. ವೇಲ್ಸ್‌ನ 36 ಸಂಸದರಲ್ಲಿ 35 ಮಂದಿ ವಿರೋಧಿಸಿದರೂ ಮಸೂದೆ ಗೆದ್ದಿತು. ಶಾಲೆ, ಅಂಚೆಕಚೇರಿ, ಪ್ರಾರ್ಥನಾ ಮಂದಿರ, ಸ್ಮಶಾನವಿದ್ದ ಕಾಪೆಲ್ ಕೆಲಿನ್ ಎಂಬ ವೆಲ್ಷ್ ಮಾತಿನ ಹಳ್ಳಿ 1965ರಲ್ಲಿ ನೀರಿನಡಿ ಹೋಯಿತು. ನಲವತ್ತು ವರ್ಷದ ಮೇಲೆ, 2005ರಲ್ಲಿ, ಲಿವರ್‌ಪೂಲ್ ಕ್ಷಮೆ ಕೇಳಿತು.

ಮಳೆ ಅಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಬೀಳುತ್ತದೆ, ಸಮುದ್ರಕ್ಕೆ ಹೋಗುವ ನೀರನ್ನು ಲಕ್ಷಾಂತರ ಜನ ಕುಡಿದರೆ ತಪ್ಪೇನು ಎನ್ನುವವರಿದ್ದಾರೆ. ಕಾಲರಾ ಕಂಡ ನಗರಗಳಿಗೆ ಶುದ್ಧ ನೀರು ಐಷಾರಾಮವಾಗಿರಲಿಲ್ಲ, ನಿಜ. ನೀರು ಹಂಚಿಕೊಳ್ಳಬಾರದೆಂದು ಟ್ರವೆರಿನ್‌ನ ಜನರೂ ಹೇಳಿರಲಿಲ್ಲ. ತಕರಾರು ಇದ್ದದ್ದು ಕೇಳುವ ಕ್ರಮದಲ್ಲಿ. ಯಾವ ಕಣಿವೆ, ಎಷ್ಟು ಎತ್ತರ, ಯಾವ ಬೆಲೆ, ಯಾರಿಗೆ ಪರಿಹಾರ ಎಂಬ ಪ್ರಶ್ನೆಗಳಲ್ಲಿ ಕಣಿವೆಯವರಿಗೆ ಮಾತೇ ಇರಲಿಲ್ಲ. ಕೊಡುವವನಿಗೆ ಇಲ್ಲವೆನ್ನುವ ಅಧಿಕಾರ ಇಲ್ಲದಿದ್ದಾಗ ಕೊಟ್ಟದ್ದು ದಾನವೂ ಅಲ್ಲ, ವ್ಯಾಪಾರವೂ ಅಲ್ಲ. ವೇಲ್ಸ್‌ನ ರಾಜಕಾರಣ ಈ ಒಂದು ಕಣಿವೆಯಿಂದ ದಿಕ್ಕು ಬದಲಿಸಿತೆಂದರೆ ಉತ್ಪ್ರೇಕ್ಷೆಯಾದೀತೇನೋ. ಆದರೂ ಮುಳುಗಡೆಯ ಮರುವರ್ಷ, 1966ರಲ್ಲಿ, ವೇಲ್ಸ್ ರಾಷ್ಟ್ರವಾದಿ ಪಕ್ಷದ ಗ್ವಿನ್‌ವೋರ್ ಎವನ್ಸ್ ಮೊದಲ ಬಾರಿಗೆ ಸಂಸತ್ತು ಪ್ರವೇಶಿಸಿದ್ದು ಕೇವಲ ಕಾಕತಾಳೀಯವಲ್ಲ.

ನನ್ನ ವಾದ ನಿಲ್ಲಬೇಕಾದರೆ ಇನ್ನೊಂದು ಬಗೆಯ ಸಾಕ್ಷ್ಯ ಬೇಕು: ಅದೇ ಬೆಟ್ಟ, ಅದೇ ಮಳೆ, ಆದರೆ ತೀರ್ಮಾನ ಬೇರೆಯವರ ಕೈಯಲ್ಲಿದ್ದಾಗ ಫಲ ಬೇರೆಯಾಯಿತೇ? ಆದ ಉದಾಹರಣೆಗಳಿವೆ. ರೊಂದಾದ ಪಕ್ಕದ ಕನನ್ ಕಣಿವೆಯ ಟವರ್ ಗಣಿಯನ್ನು ಲಾಭವಿಲ್ಲವೆಂದು 1994ರಲ್ಲಿ ಮುಚ್ಚಿದರು. ಗಣಿಗಾರರು ಕೆಲಸ ಕಳೆದುಕೊಂಡಾಗ ಬಂದ ಪರಿಹಾರದಿಂದ ತಲಾ 8,000 ಪೌಂಡ್ ಹಾಕಿ 1995ರ ಜನವರಿಯಲ್ಲಿ ಅದನ್ನು ಕೊಂಡು ತೆರೆದರು. ಲಾಭವಿಲ್ಲದ ಆ ಗಣಿ 2008ರಲ್ಲಿ ಪದರ ಮುಗಿಯುವವರೆಗೆ ಹದಿಮೂರು ವರ್ಷ ನಡೆಯಿತು. ನೀರಿನಲ್ಲೂ ಅಷ್ಟೇ: ಖಾಸಗಿ ಕೈಗೆ ಹೋಗಿದ್ದ ವೇಲ್ಸ್‌ನ ನೀರು ಸರಬರಾಜು 2001ರಲ್ಲಿ ಷೇರುದಾರರಿಲ್ಲದ, ಲಾಭ ಹಂಚದ ಸಂಸ್ಥೆಯೊಂದರ ಕೈಗೆ ಬಂತು. 2019ರಲ್ಲಿ ಕಾರ್ಡಿಫ್‌ನಲ್ಲಿರುವ ವೇಲ್ಸ್‌ನದೇ ಸರ್ಕಾರ ನ್ಯೂಪೋರ್ಟ್ ಬಳಿಯ ಗ್ವೆಂಟ್ ಜೌಗು ಬಯಲನ್ನು ಸೀಳಿ ಹೋಗಬೇಕಿದ್ದ ಹೆದ್ದಾರಿಯನ್ನು ಖರ್ಚು ಮತ್ತು ಪರಿಸರದ ಕಾರಣ ಕೊಟ್ಟು ಕೈಬಿಟ್ಟಿತು. ಅದು ಸರಿಯೋ ತಪ್ಪೋ ಎಂದು ಅಲ್ಲಿ ಇನ್ನೂ ಜಗಳವಿದೆ. ಜಗಳ ಅಲ್ಲಿಯೇ ನಡೆಯುತ್ತಿದೆ ಎಂಬುದು ಮುಖ್ಯ. ಡಿನೋರ್ವಿಗ್‌ನದು ಮಿಶ್ರ ಕಥೆ. 1969ರಲ್ಲಿ ಮುಚ್ಚಿದ ಸ್ಲೇಟು ಗಣಿಯ ಬೆಟ್ಟವನ್ನೇ ಒಳಗಿಂದ ಕೊರೆದು 1984ರಲ್ಲಿ 1,728 ಮೆಗಾವಾಟ್‌ನ ಜಲವಿದ್ಯುತ್ ಕೇಂದ್ರ ಮಾಡಿದರು. ವಿದ್ಯುತ್ ಅಗ್ಗವಿದ್ದಾಗ ಕೆಳಗಿನ ಕೆರೆಯ ನೀರನ್ನು ಮೇಲಕ್ಕೆತ್ತಿ, ಬೇಡಿಕೆ ಏರಿದಾಗ ಕೆಳಗೆ ಬಿಟ್ಟು, ಕೆಲವೇ ಸೆಕೆಂಡುಗಳಲ್ಲಿ ಇಡೀ ಬ್ರಿಟನ್ನಿನ ಜಾಲಕ್ಕೆ ಆಸರೆ ಕೊಡುತ್ತದೆ. ಬೆಟ್ಟ ಅಡ್ಡಿ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಆದರೆ ಅದರ ಒಡೆತನದಲ್ಲಿ ವೇಲ್ಸ್‌ಗೆ ಪಾಲಿಲ್ಲ.

ಸ್ಥಳೀಯರ ಕೈಗೆ ತೀರ್ಮಾನ ಬಂದರೆ ಎಲ್ಲವೂ ಸರಿಹೋಗುತ್ತದೆಂದು ಹೇಳಿದರೆ ಅದು ಭಾವುಕತೆಯಾದೀತು. ವೈ ನದಿಯನ್ನು ನೋಡಿ. ಅದರ ಜಲಾನಯನದಲ್ಲಿ, ಗಡಿಯ ಎರಡೂ ಕಡೆ ಸೇರಿ, ಸುಮಾರು 2 ಕೋಟಿ ಕೋಳಿಗಳಿವೆ. ಅವುಗಳ ಗೊಬ್ಬರದ ರಂಜಕ ಹೊಲಗಳಿಂದ ಹೊಳೆಗಿಳಿದು ಪಾಚಿ ಬೆಳೆಸಿ ನದಿಯನ್ನು ಉಸಿರುಗಟ್ಟಿಸುತ್ತಿದೆ. ವೇಲ್ಸ್ ಕಡೆಯ ಕೋಳಿ ಶೆಡ್ಡುಗಳಿಗೆ ಒಂದೊಂದಾಗಿ ಅನುಮತಿ ಕೊಟ್ಟದ್ದು ಲಂಡನ್ ಅಲ್ಲ, ಅಲ್ಲಿಯದೇ ಕೌಂಟಿ ಆಡಳಿತ. ಷೇರುದಾರರಿಲ್ಲದ ನೀರು ಸಂಸ್ಥೆಯೂ ಸೋರಿಕೆಯ ಅಂಕಿಅಂಶ ತಪ್ಪಾಗಿ ಕೊಟ್ಟಿದ್ದಕ್ಕೆ 2024ರಲ್ಲಿ ನಿಯಂತ್ರಕರ ಕ್ರಮ ಎದುರಿಸಿತು. ಹೊಲದ ಮಟ್ಟದಲ್ಲಿ ಇನ್ನೊಂದು ಜಟಾಪಟಿ. ವೇಲ್ಸ್‌ನಲ್ಲಿ ಸುಮಾರು 90 ಲಕ್ಷ ಕುರಿಗಳಿವೆ, ಜನರಿಗಿಂತ ಮೂರು ಪಟ್ಟು. ತೆಳು, ಆಮ್ಲೀಯ ಗುಡ್ಡದ ಮಣ್ಣಿನಲ್ಲಿ ಹುಲ್ಲು ಬಿಟ್ಟು ಬೇರೇನೂ ಲಾಭಕ್ಕೆ ಬೆಳೆಯದು. ಕುರಿ ಮೇದಲ್ಲಿ ಮರ ಏಳದು. ಅರಣ್ಯ ಇರುವುದು ನೆಲದ ಶೇ 15ರಷ್ಟು, ಅದರಲ್ಲೂ ಒಂದು ದೊಡ್ಡ ಪಾಲು ಮರಮಟ್ಟಿಗಾಗಿ ನೆಟ್ಟ ಹೊರದೇಶದ ಸ್ಪ್ರೂಸ್. ಸಹಾಯಧನ ಬೇಕಿದ್ದರೆ ಜಮೀನಿನ ಶೇ 10ರಲ್ಲಿ ಮರವಿರಬೇಕೆಂದು ಕಾರ್ಡಿಫ್ ಸರ್ಕಾರ ಹೊರಟಾಗ 2024ರ ಫೆಬ್ರವರಿಯಲ್ಲಿ ಸಾವಿರಾರು ರೈತರು ಸೆನೆದ್, ಅಂದರೆ ವೇಲ್ಸ್ ಸಂಸತ್ತಿನ ಮುಂದೆ ನೆರೆದರು. ಸರ್ಕಾರ ಆ ಷರತ್ತನ್ನು ಕೈಬಿಟ್ಟಿತು. ಕಾಪೆಲ್ ಕೆಲಿನ್‌ನವರು ಲಿವರ್‌ಪೂಲಿನ ಬೀದಿಯಲ್ಲಿ ಮೆರವಣಿಗೆ ಮಾಡಿದ್ದರು, ಯಾರೂ ಬಗ್ಗಲಿಲ್ಲ. ಈ ರೈತರು ತಮ್ಮದೇ ರಾಜಧಾನಿಗೆ ಹೋದರು, ಸರ್ಕಾರ ಬಗ್ಗಿತು. ಮರಗಳ ದೃಷ್ಟಿಯಿಂದ ಅದು ಒಳ್ಳೆಯ ತೀರ್ಮಾನವೆಂದು ನನಗನಿಸುವುದಿಲ್ಲ. ಹತ್ತಿರದ ಅಧಿಕಾರ ಯಾವಾಗಲೂ ಜಾಣ ಅಧಿಕಾರವಲ್ಲ. ಆದರೆ ತಪ್ಪಿದರೆ ಕಿವಿ ಹಿಂಡಲು ಕೈಗೆಟುಕುವ ದೂರದಲ್ಲಿರುತ್ತದೆ.

ಹಣದ ಆಕ್ಷೇಪ ಇನ್ನೂ ಬಲವಾದದ್ದು. ವೇಲ್ಸ್‌ನ ತಲಾ ಉತ್ಪನ್ನ ಬ್ರಿಟನ್ನಿನ ಸರಾಸರಿಯ ಮುಕ್ಕಾಲು ಪಾಲಿನಷ್ಟು. ಅಲ್ಲಿ ಸಂಗ್ರಹವಾಗುವ ತೆರಿಗೆಗಿಂತ ಅಲ್ಲಿ ಆಗುವ ಸರ್ಕಾರಿ ಖರ್ಚು ಹೆಚ್ಚು. ಅಂದಮೇಲೆ ಹರಿವು ಒಳಮುಖವಲ್ಲವೇ, ಲಂಡನ್ನೇ ವೇಲ್ಸನ್ನು ಸಾಕುತ್ತಿಲ್ಲವೇ? ವರ್ಷದ ಲೆಕ್ಕ ಹಾಗೆ ಹೇಳುತ್ತದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ಆ ಲೆಕ್ಕದ ಕೆಲವು ಸಾಲುಗಳನ್ನು ಬರೆಯುವ ರೀತಿ ಗಮನಿಸಬೇಕು. ಲಂಡನ್ನಿನಿಂದ ಬರ್ಮಿಂಗ್‌ಹ್ಯಾಮ್‌ಗೆ ಹಾಕುತ್ತಿರುವ ಎಚ್‌ಎಸ್2 ಅತಿವೇಗದ ರೈಲು ಮಾರ್ಗದ ಒಂದು ಮೀಟರ್ ಹಳಿಯೂ ವೇಲ್ಸ್‌ನಲ್ಲಿಲ್ಲ. ಆದರೂ ಅದನ್ನು ‘ಇಂಗ್ಲೆಂಡ್ ಮತ್ತು ವೇಲ್ಸ್’ ಯೋಜನೆ ಎಂದು ವರ್ಗೀಕರಿಸಿದ್ದರಿಂದ ಸ್ಕಾಟ್ಲೆಂಡಿಗೂ ಉತ್ತರ ಐರ್ಲೆಂಡಿಗೂ ಸಿಕ್ಕ ಅನುಪಾತದ ಪಾಲು ವೇಲ್ಸ್‌ಗೆ ಸಿಗಲಿಲ್ಲ. ಹಳೆಯ ಸಂಪತ್ತು ಹೊರಗೆ ಹೋದಾಗ ಅದನ್ನು ಯಾರೂ ‘ನೆರವು’ ಎಂದು ಬರೆಯಲಿಲ್ಲ, ಹಳೆಯ ಸಂಪತ್ತಿನ ಹಳೆಯ ಬಾಕಿ ಮಾತ್ರ ವೇಲ್ಸ್‌ನ ಖಾತೆಗೇ ಬಿದ್ದಿದೆ. 1966ರ ಅಕ್ಟೋಬರಿನಲ್ಲಿ ಆಬರ್‌ವ್ಯಾನ್ ಹಳ್ಳಿಯ ಮೇಲೆ ಗಣಿತ್ಯಾಜ್ಯದ ಗುಡ್ಡೆ ಜಾರಿ 116 ಮಕ್ಕಳೂ ಸೇರಿ 144 ಜನ ಸತ್ತರು. ಒರತೆಯ ಮೇಲೆ ಸುರಿದಿದ್ದ ಗುಡ್ಡೆ ಅದು. ಉಳಿದ ಗುಡ್ಡೆಗಳನ್ನು ತೆಗೆಸಲು ಸಂತ್ರಸ್ತರಿಗೆಂದು ಜನ ಕಳಿಸಿದ ನಿಧಿಯಿಂದಲೇ 1.5 ಲಕ್ಷ ಪೌಂಡ್ ಕಿತ್ತುಕೊಂಡ ಸರ್ಕಾರ ಅದನ್ನು ಹಿಂದಿರುಗಿಸಿದ್ದು 1997ರಲ್ಲಿ, ಬಡ್ಡಿಯಿಲ್ಲದೆ. ಇವತ್ತೂ ವೇಲ್ಸ್‌ನಲ್ಲಿ ಕೈಬಿಟ್ಟ ಕಲ್ಲಿದ್ದಲು ಗುಡ್ಡೆಗಳು 2,500ಕ್ಕೂ ಹೆಚ್ಚಿವೆ. 2020ರ ಫೆಬ್ರವರಿಯ ಬಿರುಮಳೆಗೆ ರೊಂದಾದ ಟೈಲರ್ಸ್‌ಟೌನ್‌ನಲ್ಲಿ ಒಂದು ಜಾರಿತು. ಅದೃಷ್ಟಕ್ಕೆ ಕೆಳಗೆ ಮನೆಗಳಿರಲಿಲ್ಲ. ಮಳೆ ಇನ್ನಷ್ಟು ಬಿರುಸಾಗುವ ಈ ಕಾಲದಲ್ಲಿ ಅವನ್ನು ಭದ್ರಪಡಿಸುವ ಖರ್ಚು ಯಾರದು ಎಂದು ಕಾರ್ಡಿಫ್ ಮತ್ತು ಲಂಡನ್ ವರ್ಷಗಟ್ಟಲೆ ಚೌಕಾಶಿ ಮಾಡಿವೆ.

ಈ ಕಥೆಯಲ್ಲಿ ಭಾರತವೂ ಒಂದು ಪಾತ್ರ. ದಕ್ಷಿಣ ಕರಾವಳಿಯ ಪೋರ್ಟ್ ಟಾಲ್ಬಟ್ ಉಕ್ಕಿನ ಕಾರ್ಖಾನೆ 2007ರಿಂದ ಟಾಟಾ ಒಡೆತನದಲ್ಲಿದೆ. ಕಲ್ಲಿದ್ದಲು, ಬಂದರು ಒಂದೆಡೆ ಇದ್ದುದರಿಂದ ಅಲ್ಲಿ ಉಕ್ಕು ಹುಟ್ಟಿತ್ತು. ಕೊನೆಕೊನೆಗೆ ಉಳಿದದ್ದು ಬಂದರು ಮಾತ್ರ, ಉಳಿದೆಲ್ಲ ಹಡಗಿನಲ್ಲಿ ಬರುತ್ತಿತ್ತು. 2024ರ ಸೆಪ್ಟೆಂಬರ್ 30ರಂದು ಅದರ ಕೊನೆಯ ಊದುಕುಲುಮೆ ಆರಿತು. ಅದರ ಜಾಗದಲ್ಲಿ ಗುಜರಿ ಉಕ್ಕನ್ನು ಕರಗಿಸುವ ವಿದ್ಯುತ್ ಕುಲುಮೆ ಬರಲಿದೆ: ಒಟ್ಟು 125 ಕೋಟಿ ಪೌಂಡ್, ಅದರಲ್ಲಿ 50 ಕೋಟಿ ಬ್ರಿಟಿಷ್ ಸರ್ಕಾರದ್ದು. ಇಂಗಾಲದ ಲೆಕ್ಕದಲ್ಲಿ ಇದು ಬೇಕಾದ ಬದಲಾವಣೆ, ನಷ್ಟದ ಲೆಕ್ಕದಲ್ಲಿ ಕಂಪನಿಗೂ ಕಾರಣಗಳಿದ್ದವು. ಆದರೆ ಸಾವಿರಾರು ಮನೆಗಳ ಕೆಲಸ ಹೋಗುವ ಈ ಮಾತುಕತೆ ಮುಂಬೈ ಮತ್ತು ಲಂಡನ್ ನಡುವೆ ಮುಗಿಯಿತು, ಕಾರ್ಡಿಫ್ ಬಾಗಿಲ ಹೊರಗೆ ಕಾದಿತ್ತು. ಬಂಡವಾಳದ ಬಣ್ಣ ಬದಲಾದರೂ ಕುರ್ಚಿಗಳ ಜೋಡಣೆ ಬದಲಾಗಿರಲಿಲ್ಲ.

ಈಗ ಉಳಿದಿರುವ ದೊಡ್ಡ ಸಂಪತ್ತು ಸಮುದ್ರದಲ್ಲಿದೆ. ಸೆವರ್ನ್ ಅಳಿವೆಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವಿನ ಎತ್ತರ 14 ಮೀಟರ್ ಮುಟ್ಟುತ್ತದೆ. ಜಗತ್ತಿನಲ್ಲಿ ಇಂಥ ಜಾಗಗಳು ಬೆರಳೆಣಿಕೆಯಷ್ಟು. ಚಂದ್ರನ ಲೆಕ್ಕಾಚಾರದಲ್ಲಿ ನಡೆಯುವ ಈ ಶಕ್ತಿ ಗಾಳಿ–ಬಿಸಿಲುಗಳಂತೆ ಕೈಕೊಡುವುದಿಲ್ಲ. ಸ್ವಾನ್ಸಿ ಕೊಲ್ಲಿಯಲ್ಲಿ 320 ಮೆಗಾವಾಟ್‌ನ ಉಬ್ಬರವಿಳಿತದ ವಿದ್ಯುತ್ ಯೋಜನೆಯನ್ನು ಸರ್ಕಾರವೇ ನೇಮಿಸಿದ್ದ ಹೆಂಡ್ರಿ ವರದಿ 2017ರಲ್ಲಿ ಬೆಂಬಲಿಸಿತು. ವೇಲ್ಸ್ ಸರ್ಕಾರ ಹಣ ಹಾಕಲೂ ಮುಂದೆ ಬಂತು. 2018ರ ಜೂನ್‌ನಲ್ಲಿ ಲಂಡನ್ ದುಬಾರಿ ಎಂದು ತಿರಸ್ಕರಿಸಿತು. ಆಗಿನ ದರದಲ್ಲಿ ಅದು ದುಬಾರಿಯೇ ಆಗಿತ್ತು. ಆದರೆ ದುಬಾರಿ ಹೌದೋ ಅಲ್ಲವೋ ಎಂದು ತೂಗುವ ತಕ್ಕಡಿ ಕಾರ್ಡಿಫ್‌ನಲ್ಲಿರಲಿಲ್ಲ. ಪಶ್ಚಿಮದ ಕೆಲ್ಟಿಕ್ ಸಮುದ್ರದಲ್ಲಿ 2025ರಲ್ಲಿ ತೇಲುವ ಗಾಳಿಯಂತ್ರಗಳಿಗೆ ಜಾಗ ಹರಾಜಾಯಿತು. ಕರಾವಳಿಯಿಂದ 12 ನಾಟಿಕಲ್ ಮೈಲಿವರೆಗಿನ ಸಮುದ್ರತಳದ ಒಡೆತನ, ಅದರಾಚೆಗೂ ಗಾಳಿ ವಿದ್ಯುತ್ತಿಗೆ ಜಾಗ ಗುತ್ತಿಗೆ ಕೊಡುವ ಹಕ್ಕು, ರಾಜಮನೆತನದ ಹೆಸರಿನ ಕ್ರೌನ್ ಎಸ್ಟೇಟ್ ಸಂಸ್ಥೆಯದು. ಸ್ಕಾಟ್ಲೆಂಡಿನ ಮಟ್ಟಿಗೆ ಆ ಹಕ್ಕಿನ ನಿರ್ವಹಣೆ 2017ರಲ್ಲಿ ಎಡಿನ್‌ಬರೋಗೆ ಹೋಯಿತು. 2022ರಲ್ಲಿ ಒಂದೇ ಸುತ್ತಿನ ಸಮುದ್ರ ಗುತ್ತಿಗೆಯಿಂದ ಸ್ಕಾಟ್ಲೆಂಡ್ ಸರ್ಕಾರಕ್ಕೆ 70 ಕೋಟಿ ಪೌಂಡಿಗೂ ಹೆಚ್ಚು ಬಂತು. ಎರಡೂ ಕೆಲ್ಟಿಕ್ ದೇಶಗಳು, ಎರಡರ ಕಡಲಿನಲ್ಲೂ ಅದೇ ಅಟ್ಲಾಂಟಿಕ್ ಗಾಳಿ. ಭೂಗೋಳದಲ್ಲಿ ವ್ಯತ್ಯಾಸವಿಲ್ಲ, ಕಾಯ್ದೆಯಲ್ಲಿ ಮಾತ್ರ ಇದೆ. ವೇಲ್ಸ್‌ಗೂ ಅದೇ ಹಕ್ಕು ಬೇಕೆಂದು ಸೆನೆದ್‌ನಲ್ಲಿ ಲೇಬರ್ ಪಕ್ಷದವರೂ ಕೇಳಿದ್ದಾರೆ. ಲಂಡನ್ನಿನಲ್ಲಿ ಆಳುವ ಅದೇ ಲೇಬರ್ ಪಕ್ಷ, ಹಂಚಿದರೆ ಹೂಡಿಕೆದಾರರು ಗೊಂದಲಗೊಳ್ಳುತ್ತಾರೆ ಎಂದು ನಿರಾಕರಿಸಿದೆ. ಸ್ಕಾಟ್ಲೆಂಡಿನ ಹೂಡಿಕೆದಾರರಿಗೆ ಆ ಗೊಂದಲ ಯಾಕೆ ಆಗಲಿಲ್ಲ ಎಂಬುದಕ್ಕೆ ಲಂಡನ್ನಿನ ವಿವರಣೆಯಲ್ಲಿ ಉತ್ತರವಿಲ್ಲ.